ರೋಜಾ ಬೈದ ಬೆಳಗು

“ಮೇಡಂ, ನಮ್ಮ ರೋಜಾ ನನ್ನ ಬೈದಾಳ್ರಿ.”

ಫೋನಿನಲ್ಲಿರುವುದು ತಂಬ್ರಹಳ್ಳಿ ಕಡೆಯ ಕುರಿಗಾರ ಜಂಬುನಾಥ. ಹಗರಿಬೊಮ್ಮನಹಳ್ಳಿಯ ತಮ್ಮ ಮನೆಯಲ್ಲಿ ಶಾಂಭವಿ ರೊಟ್ಟಿ ಬಡಿಯುತ್ತಿದ್ದಾರೆ, ಹೊರಗಿನ್ನೂ ನಸುಗತ್ತಲು. ಹಿಟ್ಟಿನ ಕೈಯಲ್ಲೇ ಫೋನು ಹಿಡಿದವರಿಗೆ ಖುಷಿಪಡಬೇಕೋ ಗಾಬರಿಪಡಬೇಕೋ ತಿಳಿಯುವುದಿಲ್ಲ.

ಶಾಂಭವಿ ಆಸ್ಪತ್ರೆಯೊಂದರ ಆಪ್ತಸಮಾಲೋಚಕಿ. ಖಿನ್ನತೆಗೆ ಬಿದ್ದವರ ಜೊತೆ ಅವರ ಗಂಡನನ್ನೋ ಹೆಂಡತಿಯನ್ನೋ ಕೂರಿಸಿಕೊಂಡು ಮಾತಾಡಿಸುವುದು ಅವರ ಕೆಲಸ. ಒಂದು ಜೋಡಿಗೆ ನಾಲ್ಕೇ ಭೇಟಿ. ಊರವರ ಬಾಯಲ್ಲಿ ಅವರು ‘ಜಗಳ ಬಿಡಿಸೋ ಮೇಡಂ’.

“ಬಿಡ್ಸೋದಲ್ರಿ, ಕೆಲವ್ರಿಗೆ ಜಗಳ ಹಚ್ಚಿಕೊಡಬೇಕಾಗ್ತೈತಿ,” ಎಂದು ಶಾಂಭವಿ ನಗುತ್ತಾರೆ.

ಹೊಟ್ಟೆಯಲ್ಲಿದ್ದ ಕೂಸು ಹೋದ ಮೇಲೆ ಜಂಬುನಾಥನ ಹೆಂಡತಿ ರೋಜಾ ಉಣ್ಣುವುದನ್ನು, ತಲೆ ಬಾಚುವುದನ್ನು, ಕಡೆಗೆ ಮಾತನ್ನೂ ಬಿಟ್ಟಿದ್ದಳು. ಡಾಕ್ಟರು ಗುಳಿಗೆ ಕೊಟ್ಟು, ಗಂಡಹೆಂಡಿರನ್ನು ಶಾಂಭವಿಯ ಬಳಿ ಕಳಿಸಿದರು. ಮೂರು ಸಲ ಬಂದರು; ಮಾತಾಡಿದ್ದೆಲ್ಲ ಜಂಬುನಾಥನೇ. ಶಾಂಭವಿ ಹೇಳಿಕೊಟ್ಟದ್ದು ಒಂದೇ ಪಾಠ: ಒಬ್ಬರು ಅಂದದ್ದನ್ನು ಇನ್ನೊಬ್ಬರು ಮೊದಲು ಹಾಗೇ ತಿರುಗಿ ಹೇಳಬೇಕು, ಉತ್ತರ ಆಮೇಲೆ.

ಈಗಷ್ಟೇ ಕುರಿಹಟ್ಟಿಯಲ್ಲಿ ಸತ್ತ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಜಂಬುನಾಥ ಅಳುತ್ತಿದ್ದನಂತೆ. ರೋಜಾ ಬಂದು ನಿಂತು ಅಂದಳಂತೆ: “ಮರಿ ಸತ್ರ ಅಳ್ತಿ. ನಮ್ಮ ಕೂಸು ಹೋದಾಗ ಕಂಬ್ಳಿ ಮುಸುಕು ಹಾಕ್ಕೊಂಡು ಮಲಗಿದ್ದಿ.”

ಗಂಡ ಪಾಠ ಮರೆಯಲಿಲ್ಲ. ಬೈದದ್ದನ್ನು ಒಂದಕ್ಷರವೂ ಬಿಡದೆ, ಗಟ್ಟಿಯಾಗಿ ಒಪ್ಪಿಸಿದ. ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ತಾಯಿ ಪಕ್ಕೀರಮ್ಮ ಓಡಿಬಂದಳು. ಅತ್ತೆಯ ಎದುರು ಸೊಸೆ ಗಂಡನ ಜೊತೆ ಮಾತೇ ಆಡದ ಮನೆಯದು. ಆಸ್ಪತ್ರೆಗೆ ಹೋಗಿ ಇಬ್ಬರೂ ಕೆಟ್ಟರು, ಕಡೆಯ ಭೇಟಿ ಬೇಡವೇ ಬೇಡ, ಇವಳು ತವರಿಗೆ ಹೋಗಲಿ ಎಂದು ಸೊಸೆಯ ಬಟ್ಟೆ ಗಂಟು ಕಟ್ಟುತ್ತಿದ್ದಾಳಂತೆ.

“ಕಂಬ್ಳಿ ಒಳಗ ನಾನೂ ಅತ್ತಿದ್ನಿರಿ. ಅದನ್ನ ಹೇಳಾಕ ಆಗ್ಲಿಲ್ಲ. ಈಕಿಗೆ ಇದು ಗುಣ ಆಗಿದ್ದೋ, ಕೆಟ್ಟಿದ್ದೋ?”

ಶಾಂಭವಿ ವಿಚಾರಿಸುತ್ತಾರೆ. ರಾತ್ರಿ ಉಂಡಿದ್ದಾಳೆ, ಗುಳಿಗೆ ನುಂಗಿದ್ದಾಳೆ. ನಿದ್ದೆ ಮಾತ್ರ ಇನ್ನೂ ಇಲ್ಲ.

“ನನಗೂ ಪೂರಾ ತಿಳಿವಲ್ದಪ್ಪ. ಆದ್ರ ಸುಮ್ನ ಕುಂತಿರೋದಕ್ಕಿಂತ ಬೈದಿದ್ದು ಚಲೋ ಅನಸ್ತೈತಿ. ಗುಳಿಗಿ ಬಿಡಬ್ಯಾಡ್ರಿ. ನಾಳಿ ಮುಂಜಾನಿ ಬರ್ರಿ, ನಿಮ್ಮವ್ವನ್ನೂ ಕರ್ಕೊಂಡು.”

ಅವ್ವ ಒಪ್ಪುವುದಿಲ್ಲ ಎಂದು ಜಂಬುನಾಥ ತಡವರಿಸುತ್ತಾನೆ. ಅಷ್ಟರಲ್ಲಿ ಆ ಕಡೆ ಫೋನು ಕೈ ಬದಲಾಗುತ್ತದೆ. ಮೂರು ಭೇಟಿಯಲ್ಲೂ ಶಾಂಭವಿ ಕೇಳದಿದ್ದ ದನಿ.

“ನಾಳಿ ಬರ್ತೀವ್ರಿ ಮೇಡಂ. ಅತ್ತಿನ್ನ ನಾ ಕರ್ಕೊಂಡು ಬರ್ತೀನಿ. ನಂದು ಇನ್ನೂ ಹೇಳೋದೈತಿ.”