ಆಷಾಢದ ಗಾಳಿಗೆ ಡ್ರೋನ್ ಬಿಟ್ಟ ಮಧ್ಯಾಹ್ನ

ಹೊಸದಾಗಿ ಮದುವೆಯಾದವಳಿಗೆ ಆಷಾಢವೆಂದರೆ ತವರಿನ ಸುಖ ಎನ್ನುವವರನ್ನು ಹಿಡಿದು ತಂದು, ಒಂದು ತಿಂಗಳು ಮೊಳಕಾಲ್ಮೂರಿನ ನಮ್ಮ ನಡುಮನೆಯಲ್ಲಿ ಕೂರಿಸಬೇಕು. ನಡುಮನೆಯ ಮುಕ್ಕಾಲು ಪಾಲು ಮಗ್ಗವೇ. ಅದರ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ ಕೂತಿರುತ್ತಾನೆ. ಉಳಿದ ಜಾಗದಲ್ಲಿ ಅಮ್ಮ, ನಾನು, ರಾಟೆ, ಒಗ್ಗರಣೆಯ ಘಾಟು. ಆಷಾಢದ ಗಾಳಿ ಎದ್ದಿತೆಂದರೆ ಕಿಟಕಿ, ಬಾಗಿಲು ಎಲ್ಲ ಬಂದ್. ರೇಷ್ಮೆಯ ಮೇಲೆ ಧೂಳು ಕೂರಬಾರದು, ಎಳೆ ಹಾರಿ ಸಿಕ್ಕಾಗಬಾರದು. ಫ್ಯಾನ್ ಕೂಡ ಹಾಕುವಂತಿಲ್ಲ. ನಾನು ಹುಟ್ಟಿ ಬೆಳೆದದ್ದು ಅಲ್ಲೇ, ಮದುವೆಗೆ ಮುಂಚೆ ಇದೊಂದೂ ನನಗೆ ಕಷ್ಟ ಅನ್ನಿಸಿರಲಿಲ್ಲ. ಆ ವರ್ಷ ಮಾತ್ರ ಉಸಿರು ಕಟ್ಟಿದಂತಾಯಿತು.

ಬೀದಿಗೆ ಹೋಗೋಣವೆಂದರೆ ಅದೂ ಬೇಡವಂತೆ. ಮದುವೆಯಾದ ಹುಡುಗಿ ಬೀದಿಯಲ್ಲಿ ಕಂಡರೆ ಜಗಳವಾಡಿ ಬಂದಳೇನೋ ಎಂದು ಜನ ಕೇಳುತ್ತಾರಂತೆ. ಆಷಾಢಕ್ಕೆ ಬಂದವಳೆಂದು ಗೊತ್ತಿದ್ದೂ ಕೇಳುತ್ತಾರೆ, ಕೇಳುವುದರಲ್ಲೊಂದು ರುಚಿ ಇದೆಯಲ್ಲ! ನಾನು ಚಳ್ಳಕೆರೆಗೆ ಹೋಗುವಂತಿಲ್ಲ, ಗಂಡ ಇಲ್ಲಿಗೆ ಬರುವಂತಿಲ್ಲ. ಆಷಾಢದಲ್ಲಿ ಅಳಿಯ ಅತ್ತೆಮನೆಯ ಹೊಸಿಲು ತುಳಿಯಬಾರದು, ಅತ್ತೆಯ ಮುಖವನ್ನೂ ನೋಡಬಾರದು ಎನ್ನುವುದು ನಮ್ಮಮ್ಮನ ಕಟ್ಟುನಿಟ್ಟು.

ನನ್ನ ಗಂಡನಿಗೆ ಚಳ್ಳಕೆರೆಯಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ. ನಮ್ಮ ಮದುವೆಯಾದದ್ದು ಮಾಘದಲ್ಲಿ. ಮರುವಾರವೇ ಯಾರದೋ ಮದುವೆಯ ಚಿತ್ರೀಕರಣಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ತಮಾಷೆಗೆಂದು ಡ್ರೋನಿನ ರಿಮೋಟ್ ನನ್ನ ಕೈಗೆ ಕೊಟ್ಟರು. ನಾನು ಅದನ್ನು ವಾಪಸು ಕೊಡಲೇ ಇಲ್ಲ. ಅಂದಿನಿಂದ ಅವರು ನೆಲದ ಮೇಲೆ ಕ್ಯಾಮೆರಾ ಹಿಡಿದರೆ ಮೇಲಿನ ಕೆಲಸವೆಲ್ಲ ನನ್ನದಾಯಿತು. ಚಪ್ಪರದ ಮೇಲಿಂದ ಸುತ್ತು ಹಾಕಿ, ಮದುಮಕ್ಕಳ ತಲೆಯ ಮೇಲೆ ನಿಲ್ಲಿಸಿ, ಮೆಲ್ಲಗೆ ಹಿಂದಕ್ಕೆ ಸರಿಸುವಾಗ ನನಗಾಗುತ್ತಿದ್ದ ಖುಷಿಯನ್ನು ಹೇಗೆ ಹೇಳಲಿ? ಅಷ್ಟು ಚೆನ್ನಾಗಿ ಬರುವ ಕೆಲಸ ನನಗೆ ಬೇರೆ ಯಾವುದೂ ಇಲ್ಲ. ನನ್ನತ್ತೆಗೆ ಮಾತ್ರ ಅದು ಕಣ್ಣಿಗೆ ಚುಚ್ಚುತ್ತಿತ್ತು.

"ಸೊಸೆ ಆದೋಳು ಕೊರಳಿಗೆ ರಿಮೋಟ್ ಹಾಕ್ಕಂಡು ಕಂಡೋರ ಮದುವ್ಯಾಗೆ ಆಕಾಶ ನೋಡ್ಕಂಡು ನಿಂತ್ರೆ ಚೆಂದಾಗಿ ಕಾಣ್ತೈತಾ?" ಎಂದು ಅವರು ಮಗನನ್ನು ಕೇಳುತ್ತಿದ್ದರು. ಮಗ ನಗುತ್ತಿದ್ದರು. ಆಷಾಢಕ್ಕೆ ನನ್ನನ್ನು ಕಳಿಸುವಾಗ ಅತ್ತೆ, "ಶ್ರಾವಣಕ್ಕೆ ಬಾ, ಆಮೇಲೆ ಅದರ ವಿಚಾರ ನೋಡನ" ಎಂದರು. ಹಾಗೆ ನೋಡುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಗಂಡ ಮಾತ್ರ ಬ್ಯಾಟರಿಗಳನ್ನು ಬಹಳ ದಿನ ಸುಮ್ಮನೆ ಇಡಬಾರದೆಂಬ ನೆಪ ಹೇಳಿ ಡ್ರೋನನ್ನು ನನ್ನ ಸೀರೆಗಳ ಜೊತೆಗೇ ಕಟ್ಟಿ ಕಳಿಸಿದ್ದರು. ಅದಕ್ಕೊಂದು ಸಣ್ಣ ಪೆಟ್ಟು ಬಿದ್ದರೂ ಸಾಕಿತ್ತು, ನನ್ನ ಕೈಯಿಂದ ಅದನ್ನು ಕಿತ್ತುಕೊಳ್ಳಲು ಎರಡೂ ಮನೆಯವರು ತಯಾರಾಗಿದ್ದರು.

ಆ ಮಧ್ಯಾಹ್ನ ಅಮ್ಮ ಉಂಡು ಅಡ್ಡಾಗಿದ್ದಳು. ಅಪ್ಪ ನೇಯುತ್ತಿದ್ದ. ನಾನು ಡ್ರೋನ್ ಎತ್ತಿಕೊಂಡು ಮಾಳಿಗೆ ಹತ್ತಿದೆ. ಬಾಗಿಲು ತೆರೆದದ್ದೇ ಗಾಳಿ ಸೆರಗನ್ನು ಮುಖಕ್ಕೆ ಹೊಡೆಯಿತು. ಆಹಾ, ಎಷ್ಟು ದಿನವಾಗಿತ್ತು ಹೀಗೆ ಗಾಳಿ ತಾಗಿ! ಡ್ರೋನ್ ಮೇಲೆದ್ದ ಕೂಡಲೇ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಜೋರು ಗಾಳಿಯ ಎಚ್ಚರಿಕೆ ಬಂತು. ಅದನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದೆ.

ಅಂಥ ತಪ್ಪು ಮಾಡಲು ಮದುವೆ ಫೋಟೋದವರೇ ಆಗಿರಬೇಕು. ನಾನು ಕಲಿತದ್ದೆಲ್ಲ ಲಗ್ನದ ತಿಂಗಳುಗಳಲ್ಲಿ, ಎಲೆಯೂ ಅಲ್ಲಾಡದ ಬಿಸಿಲಿನಲ್ಲಿ. ನಮ್ಮ ಸೀಮೆಯಲ್ಲಿ ಗಾಳಿ ಏಳುವ ಹೊತ್ತಿಗೆ ಆಷಾಢ ಬರುತ್ತದೆ, ಲಗ್ನಗಳು ನಿಲ್ಲುತ್ತವೆ, ಡ್ರೋನ್ ಪೆಟ್ಟಿಗೆ ಸೇರುತ್ತದೆ. ಗಾಳಿಯಲ್ಲಿ ಹಾರಿಸುವ ಪ್ರಸಂಗವೇ ನಮಗೆ ಬರುವುದಿಲ್ಲ. ಮೊದಲು ಗಾಳಿಗೆ ಎದುರಾಗಿ ಹೋಗಬೇಕು, ಹಾಗೆ ಹೋದರೆ ಬರುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ ಎಂಬಷ್ಟು ಸಣ್ಣ ವಿಷಯ ನನಗಾಗಲಿ, ನನಗೆ ಕಲಿಸಿದ ಗಂಡನಿಗಾಗಲಿ ಹೊಳೆದಿರಲಿಲ್ಲ.

ನಾನು ಗಾಳಿ ಹೋದ ಕಡೆಗೇ ಬಿಟ್ಟೆ. ಹೋಗುವಾಗ ಎಷ್ಟು ಸಲೀಸು! ನಮ್ಮ ಬೀದಿ ದಾಟಿತು, ಊರು ದಾಟಿತು, ದೇವಸಮುದ್ರದ ಕಡೆಯ ಕೆಂಪು ಹೊಲಗಳು ಬಂದವು, ಕುರಿಮಂದೆ ಕಂಡಿತು. ನಾನು ಮಾಳಿಗೆಯ ಮೇಲಿದ್ದೇನೆ ಎಂಬುದೇ ಮರೆತುಹೋಯಿತು. ಬ್ಯಾಟರಿ ಅರ್ಧಕ್ಕಿಳಿದಾಗ ತಿರುಗಿಸಿ ಮನೆಯ ಕಡೆ ಮುಖ ಮಾಡಿದೆ.

ಅದು ಬರಲಿಲ್ಲ. ರಿಮೋಟಿನ ಕಡ್ಡಿಯನ್ನು ಪೂರ್ತಿ ಮುಂದಕ್ಕೆ ಒತ್ತಿದರೂ ಪರದೆಯ ಮೇಲೆ ಅದೇ ಬೇವಿನ ಮರ, ಅದೇ ಬದು. ಮೋಟಾರು ಪೂರ್ತಿ ಜೋರಿನಲ್ಲಿ ತಿರುಗುತ್ತಿದೆ, ಬ್ಯಾಟರಿ ಇಳಿಯುತ್ತಿದೆ, ಮರ ಮಾತ್ರ ಇದ್ದಲ್ಲೇ ಇದೆ. ನನ್ನ ಅವಸ್ಥೆಯೂ ಅದೇ ಅಲ್ಲವೇ ಅನ್ನಿಸಿ ಅಳು ಬಂತು. ತಾನಾಗಿಯೇ ಮನೆಗೆ ಮರಳುವ ಗುಂಡಿ ಒತ್ತಿದೆ. ಅದು ದಾರಿಗೆ ಏನೂ ಅಡ್ಡ ಬರಬಾರದೆಂದು ಮೊದಲು ಇನ್ನೂ ಮೇಲಕ್ಕೇರಿತು. ಮೇಲೆ ಗಾಳಿ ಇನ್ನೂ ಬಿರುಸು. ಬೇವಿನ ಮರ ಈಗ ಮುಂದಕ್ಕೆ ಸರಿಯಿತು, ಅಂದರೆ ಡ್ರೋನ್ ಹಿಂದಕ್ಕೆ ಹೋಗುತ್ತಿತ್ತು. ಗುಂಡಿಯನ್ನು ರದ್ದು ಮಾಡಿದೆ.

ಆ ಗಾಬರಿಯಲ್ಲೂ ಒಂದು ವಿಷಯ ನೆನಪಾಯಿತು. ಬಣ್ಣ ಹಾಕಿದ ರೇಷ್ಮೆ ಲಡಿಗಳನ್ನು ಅಮ್ಮ ಗಾಳಿಯ ದಿನ ಮಾಳಿಗೆಯ ಮೇಲೆ ಒಣಹಾಕುವುದಿಲ್ಲ. ಮೇಲೆ ಅವು ಒಂದಕ್ಕೊಂದು ಹೊಸೆದುಕೊಳ್ಳುತ್ತವೆ, ಕೆಳಗೆ ಹಿತ್ತಲ ಗೋಡೆಯ ಮರೆಯಲ್ಲಿ ಸುಮ್ಮನೆ ತೂಗುತ್ತವೆ. ಡ್ರೋನನ್ನು ಕೆಳಗಿಳಿಸಿದೆ, ಮರದ ತಲೆಗಿಂತ ತುಸು ಮೇಲೆ ಬರುವವರೆಗೂ ಇಳಿಸಿದೆ. ಅದು ತೆವಳತೊಡಗಿತು. ಒಂದು ಬದು ಹೋಯಿತು, ಇನ್ನೊಂದು ಬದು ಹೋಯಿತು. ಕುರಿಗಳು ಚೆದುರಿ ಓಡಿದವು, ಕಾಯುವವನು ಕೋಲೆತ್ತಿದ. ಬಯ್ದಿರಬೇಕು, ಪುಣ್ಯಕ್ಕೆ ನನಗೆ ಕೇಳಿಸಲಿಲ್ಲ.

ಆದರೂ ಮನೆ ಮುಟ್ಟುವಷ್ಟು ಬ್ಯಾಟರಿ ಇರಲಿಲ್ಲ. ಅದು ತಾನಾಗಿ ಬೀಳುವ ಮುಂಚೆ ನಾನೇ ಇಳಿಸಬೇಕಿತ್ತು. ಊರಂಚಿನಲ್ಲಿ ಕಲ್ಲುಗೋಡೆಯ ಕುರಿದೊಡ್ಡಿಯೊಂದು ಕಂಡಿತು. ಗಾಳಿ ತಾಗದ ಮಗ್ಗುಲಿಗೆ ತಂದು, ಜೋಲಿ ಹೊಡೆಯಲು ಬಿಡದೆ ನೇರ ಕೆಳಗಿಳಿಸಿದೆ. ರೆಕ್ಕೆಗಳು ನಿಂತವು. ಪರದೆಯಲ್ಲಿ ಗೋಡೆಯ ಕಲ್ಲು, ಒಣ ಹಿಕ್ಕೆ, ಸ್ವಲ್ಪ ಹೊತ್ತಿಗೆ ಮೂಸಲು ಬಂದ ಮೇಕೆಯ ಮೂತಿ. ನನಗೆ ನಗು ಬಂತು. ಅಷ್ಟು ಚೆನ್ನಾಗಿ ನಾನು ಯಾವ ಮದುವೆಯಲ್ಲೂ ಇಳಿಸಿರಲಿಲ್ಲ.

ಅದನ್ನು ತರಲು ಹೊರಟು ತಿರುಗಿದರೆ ಮಾಳಿಗೆಯ ಬಾಗಿಲಲ್ಲಿ ಅಮ್ಮ.

"ಎಲ್ಲಿಗೆ?" ಎಂದಳು.

"ಡ್ರೋನ್ ದೊಡ್ಡಿ ಹತ್ರ ಐತೆ. ತಗಂಡು ಬರ್ತೀನಿ."

"ಆಷಾಢದಾಗೆ ಹೊಸ ಮದುವೆ ಹುಡುಗಿ ಕುರಿದೊಡ್ಡಿಗೆ ಓಡ್ಕಂಡು ಹೋದ್ಲು ಅಂತ ಊರೆಲ್ಲ ಆಡ್ಕಳ್ಳಾಕಾ? ಅಪ್ಪ ಮಗ್ಗ ಬಿಟ್ಟು ಏಳೋತನಕ ಕಾಯಿ."

ಕೆಳಗಿಳಿದು ಬೀದಿಬಾಗಿಲಿಗೆ ಅಗಣಿ ಹಾಕಿದಳು. ಅಪ್ಪನಿಗೆ ಅಂಚಿನ ಜರಿ ಹೊಂದಿಸುವ ಕೆಲಸ, ನಡುವೆ ಏಳುವಂತಿಲ್ಲ. ಮಗ್ಗದ ಸದ್ದು ಕೇಳುತ್ತಾ, ಮೇಕೆಯ ಮೂತಿ ನೋಡುತ್ತಾ ಕೂತೆ. ಪರದೆ ಕಪ್ಪಾಯಿತು. ಹತ್ತು ನಿಮಿಷ ನಡೆದರೆ ಸಿಗುವ ಜಾಗಕ್ಕೆ ನನ್ನ ಕಾಲುಗಳಿಗೆ ಹೋಗಲಾಗಲಿಲ್ಲ. ನನಗೆ ಅಮ್ಮನ ಮೇಲೆ ಬಂದ ಸಿಟ್ಟು ಹೇಳತೀರದು. ಗಂಡನಿಗೆ ಫೋನ್ ಮಾಡಿದೆ. ಅವರು ಸ್ಟುಡಿಯೋ ಬಾಗಿಲೆಳೆದು ಚಳ್ಳಕೆರೆಯಿಂದ ಬೈಕಿನಲ್ಲಿ ಹೊರಟರು.

ಬಿಸಿಲು ಇಳಿಯುವ ಹೊತ್ತಿಗೆ ಅವರು ನಮ್ಮ ಬೀದಿಯಲ್ಲಿ ಬಂದು ನಿಂತರು. ದೊಡ್ಡಿಗೆ ಹೋಗಿ ಡ್ರೋನ್ ಎತ್ತಿಕೊಂಡು ಬಂದಿದ್ದರು. ಬಾಗಿಲಿಗೆ ಬರುವಂತಿಲ್ಲವಲ್ಲ, ಎದುರುಮನೆಯ ಗೋಡೆಗೊರಗಿ ತಲೆಯೆತ್ತಿ ಮಾಳಿಗೆಯ ಮೇಲಿದ್ದ ನನ್ನನ್ನು ನೋಡುತ್ತಾ ಫೋನಿನಲ್ಲಿ ಮಾತಾಡಿದರು.

"ಒಂದು ಗೀರೂ ಬಿದ್ದಿಲ್ಲ. ಆ ಗೋಡೆ ಮಗ್ಗುಲಿಗೆ ನೀನೇ ಇಳಿಸಿದ್ದಾ?"

"ಇಲ್ಲ, ಮೇಕೆ ಇಳಿಸ್ತು."

ನಕ್ಕರು. ಆಮೇಲೆ ನಗು ನಿಂತಿತು. "ನಮ್ಮವ್ವನಿಗೆ ವಿಷಯ ಗೊತ್ತಾತು. ಶ್ರಾವಣದಿಂದ ನನ್ನ ತಮ್ಮನೇ ಹಾರಿಸ್ಲಿ, ನೀನು ಅವನಿಗೆ ಕಲಿಸಿಕೊಡ್ಬೇಕಂತೆ."

ಕೋಪದಿಂದ ಕಿರುಚುತ್ತೇನೆಂದು ನಾನೇ ಅಂದುಕೊಂಡಿದ್ದೆ. ಆದರೆ ದನಿ ತಣ್ಣಗೆ ಹೊರಟಿತು.

"ಕಲಿಸಲ್ಲ ರೀ."

"ಸಿಟ್ಟು ಮಾಡ್ಕಬ್ಯಾಡ..."

"ಸಿಟ್ಟು ಐತೆ. ಆದ್ರೂ ಸಿಟ್ಟಿಗೆ ಹೇಳ್ತಿಲ್ಲ. ಇವತ್ತು ನಿಮ್ಮ ತಮ್ಮನ ಕೈಯಾಗಿದ್ದಿದ್ರೆ ಅದು ಈಗ ಆಂಧ್ರದಾಗೆ ಇರ್ತಿತ್ತು. ನೀವಾಗಿದ್ರೂ ಅಷ್ಟೆ. ಗಾಳ್ಯಾಗೆ ಹಾರಿಸೋದು ನಮ್ಮ ಮನ್ಯಾಗೆ ಈಗ ನನಗೊಬ್ಬಳಿಗೇ ಗೊತ್ತು. ಅದು ಇಲ್ಲೇ ಇರ್ಲಿ, ಗಾಳಿ ಇಳಿಯೋದ್ರೊಳಗೆ ನಾನು ಇನ್ನೂ ಕಲೀಬೇಕು."

ಅವರು ಬೈಕಿನ ಕಡೆ ನೋಡಿದರು. ಡ್ರೋನ್ ಚೀಲ ಅವರ ಭುಜದಲ್ಲಿತ್ತು. ಬೈಕು ಹತ್ತಿ ಹೊರಟುಹೋದರೆ ಅಲ್ಲಿಗೆ ನನ್ನ ಹಾರಾಟ ಮುಗಿಯಿತು ಎಂದು ಕಾಯುತ್ತಾ ನಿಂತೆ.

"ಹೆಂಗೆ ಕೊಡ್ಲಿ? ಬಾಗಿಲಿಗೆ ಬರಂಗಿಲ್ಲ" ಎಂದರು.

ನಾನು ಬಟ್ಟೆ ಒಣಹಾಕುವ ಹಗ್ಗವನ್ನು ಎರಡೂ ಕಡೆ ಬಿಚ್ಚಿ ಬೀದಿಗೆ ಇಳಿಬಿಟ್ಟೆ. ಅವರು ಅದರ ತುದಿಗೆ ಚೀಲ ಕಟ್ಟಿ, ಗಂಟನ್ನು ಜಗ್ಗಿ ನೋಡಿ, ತಿರುವಿನಲ್ಲಿದ್ದ ಬೈಕಿನ ಹತ್ತಿರ ಹೋಗಿ ನಿಂತರು. ನಾನು ಎಳೆಯತೊಡಗಿದೆ. ಗಾಳಿ ಚೀಲವನ್ನು ಹಿಡಿದು ಅತ್ತಿತ್ತ ಬೀಸಿತು, ಒಮ್ಮೆ ಗೋಡೆಗೆ ಧಡ್ಡನೆ ತಾಗಿಸಿತು. ಹಗ್ಗ ಕೈಗೆ ಕೊರೆಯಿತು.

ಆಗ ಕೆಳಗೆ ಅಗಣಿ ತೆಗೆದ ಸದ್ದಾಯಿತು. ಅಮ್ಮ ಜಗಲಿಗೆ ಬಂದಳು. ಅಳಿಯನಿದ್ದ ಕಡೆ ನೋಡದೆ, ತಲೆ ಮೇಲೆ ಸೆರಗು ಎಳೆದುಕೊಂಡು, ಹೊಯ್ದಾಡುತ್ತಿದ್ದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದಳು.

"ಮೆಲ್ಲಗಾ, ಮೆಲ್ಲಗಾ" ಎಂದು, ಗಾಬರಿಯಾದರೆ ಬಾಯಿಗೆ ಬರುವ ತನ್ನ ತವರಿನ ತೆಲುಗಿನಲ್ಲಿ ನನ್ನನ್ನು ಬಯ್ಯುತ್ತಾ, ತುದಿಗಾಲಲ್ಲಿ ನಿಂತು ಕೈ ಎಟುಕುವವರೆಗೂ ಅದನ್ನು ಗೋಡೆಗೆ ತಾಗದಂತೆ ಎತ್ತಿ ಕೊಟ್ಟಳು.