ಪಂಕ್ತಿ ಏಳುವ ಹೊತ್ತು

ದುಃಖಕ್ಕೂ ಒಂದು ನಕ್ಷೆ ಇರಬಹುದು ಎಂದು ನನಗೆ ಗೊತ್ತಾದದ್ದು ಗ್ರಂಥಾಲಯದ ಕಂಪ್ಯೂಟರಿನ ಮುಂದೆ. ಪುತ್ತೂರಿನಿಂದ ದಿನಾ ಬಸ್ಸು ಹಿಡಿದು ಹೋಗುವ ಒಂದು ವೈದ್ಯಕೀಯ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪುಸ್ತಕ ಕಾಯುವುದು ನನ್ನ ಕೆಲಸ. ಮನೋರೋಗ ವಿಭಾಗದ ಯುವ ವೈದ್ಯೆಯೊಬ್ಬಳು ಒಂದು ದಿನ ಬಂದು, ಅನ್ನನಾಳ, ಜಠರ, ಕರುಳು, ಯಕೃತ್ತು ಇವುಗಳ ಕ್ಯಾನ್ಸರ್ ಬಂದವರನ್ನು ಕಾಡುವ ಖಿನ್ನತೆಯ ಬಗ್ಗೆ ಜಗತ್ತಿನಲ್ಲಿ ಯಾರು ಯಾರು ಏನೇನು ಬರೆದಿದ್ದಾರೋ ಅಷ್ಟನ್ನೂ ಹುಡುಕಿ ಕೊಡಿ ಎಂದಳು. ಜಗತ್ತಿನಲ್ಲಿ ಬೇರೆ ಕೆಲಸ ಇಲ್ಲವೇ ಎಂದು ಒಳಗೊಳಗೇ ಗೊಣಗಿಕೊಂಡು ಕೂತೆ. ಹುಡುಕಿ ಮುಗಿಸಲು ಮೂರು ವಾರ ಹಿಡಿಯಿತು.

ಆಕೆ ಆ ಪಟ್ಟಿಯನ್ನು ಒಂದು ತಂತ್ರಾಂಶಕ್ಕೆ ಉಣಿಸಿದಳು. ಪರದೆಯ ಮೇಲೆ ಚುಕ್ಕಿಗಳು ಮೂಡಿದವು. ಒಂದೊಂದು ಚುಕ್ಕಿಯೂ ಒಂದು ಪದ. ಹೆಚ್ಚು ಬಳಸಿದ ಪದಕ್ಕೆ ದೊಡ್ಡ ಚುಕ್ಕಿ, ಜೊತೆಯಲ್ಲಿ ಬರುವ ಪದಗಳ ನಡುವೆ ಗೆರೆ. ಹಳೆಯವು ನೀಲಿ, ಹೊಸವು ಹಳದಿ. ನೀಲಿಯ ಕಡೆ ನೋವು, ಶಸ್ತ್ರಚಿಕಿತ್ಸೆ, ಎಷ್ಟು ಮಂದಿಗೆ ಖಿನ್ನತೆ ಎಂಬ ಲೆಕ್ಕ. ಹಳದಿಯ ಕಡೆ ಬಂದಂತೆ ಉರಿಯೂತ, ಕರುಳಿನ ಸೂಕ್ಷ್ಮಜೀವಿಗಳು, ಪೋಷಣೆ, ಆರೈಕೆ ಮಾಡುವವರು. ಕರುಳಿಗೆ ತನ್ನದೇ ಒಂದು ನರಗಳ ಬಲೆ ಇದೆಯಂತೆ, ಅದು ಮಿದುಳಿನ ಜೊತೆ ಬಿಡುವಿಲ್ಲದೆ ಮಾತಾಡುತ್ತದಂತೆ. ಕೆಲವರಲ್ಲಿ ರೋಗ ಪತ್ತೆಯಾಗುವ ಮೊದಲೇ ಮನಸ್ಸು ಕುಗ್ಗಿರುತ್ತದಂತೆ. ಕರುಳು ಚುರುಕ್ಕೆಂದಿತು ಎಂದು ನಮ್ಮ ಹಿರಿಯರು ಬರೀ ಬಾಯಿಮಾತಿಗೆ ಹೇಳಿದ್ದಲ್ಲ ಎನಿಸಿ ನನಗೆ ಮೈ ಜುಮ್ಮೆಂದಿತು. ಮುಖ ಕಾಣದ ಎಷ್ಟೋ ದೇಶಗಳ ಜನ ಕೂತು, ಉಣ್ಣಲಾಗದವರ ದುಃಖವನ್ನು ಇಷ್ಟು ತಾಳ್ಮೆಯಿಂದ ನೋಡಿದ್ದಾರಲ್ಲ ಎಂದು ಊಟದ ಬೆಲ್ಲು ಹೊಡೆದರೂ ಏಳದೆ ನೋಡುತ್ತಾ ಕೂತೆ.

ಆ ಹೊತ್ತಿಗೆ ನನ್ನ ಅಣ್ಣನ ಜಠರದ ಮುಕ್ಕಾಲು ಭಾಗ ತೆಗೆದು ಮೂರು ತಿಂಗಳಾಗಿತ್ತು.

ಅಣ್ಣ ಅಜ್ಜಾವರದಲ್ಲಿ ಪಂಪು ರಿಪೇರಿ ಮಾಡುವವ. ಶಬ್ದ ಕೇಳಿಯೇ ಬೇರಿಂಗ್ ಹೋಗಿದೆಯೋ ಬೇರೆ ಏನಾದರೂ ಆಗಿದೆಯೋ ಹೇಳಬಲ್ಲವ. ಆದರೆ ನೆಂಟರಿಷ್ಟರಲ್ಲಿ ಅವನ ಖ್ಯಾತಿ ಇರುವುದು ಊಟದ ಪಂಕ್ತಿಯಲ್ಲಿ. ನಮ್ಮಲ್ಲಿ ಸಮಾರಂಭದ ಊಟದ ನಡುವೆ ಒಬ್ಬೊಬ್ಬರಾಗಿ ಶ್ಲೋಕ ಹೇಳುವುದುಂಟು. ಒಂದೊಂದು ಮುಗಿದಾಗಲೂ ಇಡೀ ಪಂಕ್ತಿ ದೇವರ ಹೆಸರು ಕೂಗುತ್ತದೆ. ಅಣ್ಣ ಶುರು ಮಾಡಿದನೆಂದರೆ ಬಡಿಸುವವರು ಸೌಟು ಹಿಡಿದುಕೊಂಡು ನಿಂತುಬಿಡುತ್ತಿದ್ದರು. ಸ್ವರ ಅಷ್ಟು ದೊಡ್ಡದು, ತಾಳ ಅಷ್ಟು ಕೆಟ್ಟದ್ದು.

ಇನ್ನು ಮುಂದೆ ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪವೇ, ಚೆನ್ನಾಗಿ ಅಗಿದು ತಿನ್ನಬೇಕು ಎಂದು ನಮ್ಮ ಕಾಲೇಜಿನ ಆಸ್ಪತ್ರೆಯಲ್ಲೇ ಹೇಳಿ ಕಳಿಸಿದ್ದರು. ನಾನೂ ಅತ್ತಿಗೆಯೂ ಟೊಂಕ ಕಟ್ಟಿ ನಿಂತೆವು. ಅತ್ತಿಗೆ ಕಡಬದ ಕಡೆಯವಳು, ಹಿಡಿದ ಕೆಲಸ ಬಿಡುವವಳಲ್ಲ. ಶನಿವಾರ ಭಾನುವಾರ ನಾನೂ ಅಲ್ಲಿಯೇ. ಒಳಗಿನ ಕೋಣೆಯಲ್ಲಿ ಅವನಿಗೊಂದು ಮೇಜು, ಸಣ್ಣ ತಟ್ಟೆ, ಸಣ್ಣ ಲೋಟ, ಮೊಬೈಲಿನಲ್ಲಿ ಅಲಾರಂ. ನಮ್ಮ ಒಗ್ಗರಣೆಯ ಪರಿಮಳ ಅವನಿಗೆ ತಾಗಿ ಆಸೆಯಾಗಬಾರದೆಂದು ಬಾಗಿಲು ಮುಂದೆ ಮಾಡುತ್ತಿದ್ದೆವು. ಅವನದ್ದಾದ ಮೇಲೆ ನಾವು ಅಡುಗೆಮನೆಯಲ್ಲಿ ಸದ್ದಿಲ್ಲದೆ ಉಣ್ಣುತ್ತಿದ್ದೆವು. ಇದಕ್ಕಿಂತ ಚೆನ್ನಾಗಿ ಯಾರೂ ನೋಡಿಕೊಳ್ಳಲಾರರು ಎಂದು ನನಗೆ ಜಂಬ ಬೇರೆ ಇತ್ತು.

ಅಣ್ಣನ ಮಾತು ಕಡಿಮೆಯಾಯಿತು. ಪಂಪು ಹೊತ್ತು ತಂದವರನ್ನು ವಾಪಸು ಕಳಿಸಿದ. ತಟ್ಟೆಯಲ್ಲಿ ಅರ್ಧ ಉಳಿಯತೊಡಗಿತು, ಆಮೇಲೆ ಮುಕ್ಕಾಲು. ಗೋಡೆಯ ಕಡೆ ತಿರುಗಿ ಮಲಗಿದರೆ ಎಚ್ಚರವೋ ನಿದ್ದೆಯೋ ತಿಳಿಯುತ್ತಿರಲಿಲ್ಲ. ಎಲ್ಲ ಹೊಟ್ಟೆಯದ್ದೇ ತೊಂದರೆ ಎಂದು ನಾವು ಗಂಜಿ ತೆಳು ಮಾಡಿದೆವು, ತಂಬುಳಿ ಬದಲಿಸಿದೆವು. ಕಿಮೋ ಇನ್ನೂ ಮೂರು ಸಲ ಬಾಕಿ ಇತ್ತು. "ನನಗೆ ಸಾಕು. ಇನ್ನು ನಾನು ಹೋಗುದಿಲ್ಲ" ಎಂದ. ಒಂದು ಸಲ ತಪ್ಪಿಸಿಯೂ ಬಿಟ್ಟ. ಬರುವ ಬುಧವಾರವೂ ತಪ್ಪಿಸಿದರೆ ಇದುವರೆಗೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾದೀತು ಎಂದು ಅತ್ತಿಗೆ ಫೋನಿನಲ್ಲಿ ಅತ್ತಳು.

ಮಾರನೆಯ ದಿನ ನಾನು ವೈದ್ಯೆಯ ಹತ್ತಿರ, ಮೂರನೆಯವರ ಸುದ್ದಿ ಎಂಬಂತೆ, ಇದನ್ನೆಲ್ಲ ಹೇಳಿದೆ. ಆಕೆ ನಕ್ಷೆಯಿಂದ ಕಣ್ಣು ತೆಗೆದಳು.

"ಈ ಕಾಯಿಲೆಯಲ್ಲಿ ಒಂದು ಮೋಸ ಉಂಟು ಮೇಡಂ. ಖಿನ್ನತೆ ಉಂಟಾ ಅಂತ ತಿಳೀಲಿಕ್ಕೆ ನಾವು ಎಂತ ಕೇಳುದು? ಹಸಿವೆ ಇಲ್ವಾ, ನಿದ್ದೆ ಇಲ್ವಾ, ಸುಸ್ತಾಗ್ತದಾ ಅಂತ. ಹೊಟ್ಟೆಯ ಕ್ಯಾನ್ಸರಿನವರಿಗೆ ಅದೆಲ್ಲ ಹೇಗೂ ಇರ್ತದೆ. ಹಾಗಾಗಿ ಮನಸ್ಸಿನದ್ದು ಹೊಟ್ಟೆಯ ಹಿಂದೆ ಅಡಗಿ ಕೂತ್ಕೊಳ್ತದೆ. ಮನೆಯವರಿಗೂ ಕಾಣುದಿಲ್ಲ, ಎಷ್ಟೋ ಸಲ ನಮಗೂ ಕಾಣುದಿಲ್ಲ. ಅವರ ಹತ್ರ ನೇರ ಕೇಳಿ, ಸಾಯುವ ಯೋಚನೆ ಬರ್ತದಾ ಅಂತ. ಕೇಳಿದ್ರೆ ಇಲ್ಲದ್ದು ತಲೆಗೆ ಹೋಗ್ತದೆ ಅಂತ ಹೆದರ್ಬೇಡಿ."

ಆ ಲೇಖನಗಳನ್ನು ಹುಡುಕಿ ತೆಗೆದವಳು ನಾನೇ. ಅಡಗಿ ಕೂರುವ ಈ ಸಂಗತಿಯ ತಲೆಬರಹಗಳನ್ನು ಎಷ್ಟು ಸಲ ಓದಿದ್ದೆನೋ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ.

ಶನಿವಾರ ಅಣ್ಣನ ಮಂಚದ ಪಕ್ಕ ನೆಲದಲ್ಲಿ ಕೂತು ಕೇಳಿದೆ. "ಸತ್ತುಹೋದ್ರೆ ಒಳ್ಳೇದು ಅಂತ ಅನಿಸ್ತದಾ ನಿನಗೆ?"

"ಅನಿಸ್ತದೆ" ಎಂದ, ಬೇರಿಂಗ್ ಹೋಗಿದೆ ಎನ್ನುವಷ್ಟೇ ಸಲೀಸಾಗಿ. "ನಂದು ಮುಗೀತು ಅಂತ ನಿಮಗೂ ಗೊತ್ತುಂಟಲ್ಲ. ಸೂತಕದವನಿಗೆ ಬಡಿಸಿದ ಹಾಗೆ ಬೇರೆ ಬಡಿಸ್ತೀರಿ. ಬಾಗಿಲು ಹಾಕ್ತೀರಿ" ಎಂದ.

ಸಾವಾದ ಮನೆಯವರನ್ನು ಪಂಕ್ತಿಯಿಂದ ಬೇರೆ ಕೂರಿಸಿ ಬಡಿಸುವುದು ನಮ್ಮ ಕ್ರಮ. ಮೂರು ತಿಂಗಳು ನಾವು ಅವನಿಗೆ ಪ್ರೀತಿಯಿಂದ ಮಾಡಿದ್ದು ಅದನ್ನೇ. ನನಗೆ ನಾಚಿಕೆಯಾಯಿತು, ಅಳು ಬಂತು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ ಸಿಟ್ಟು ಬಂತು. ಅಂಗಳಕ್ಕೆ ಹೋಗಿ ವೈದ್ಯೆಗೆ ಫೋನು ಮಾಡಿದೆ. ಸಾಯುವ ಉಪಾಯ ಏನಾದರೂ ಯೋಚಿಸಿದ್ದಾರಾ ಕೇಳಿ ಎಂದಳು. ವಾಪಸು ಹೋಗಿ ಕೇಳಿದೆ, ಇಲ್ಲ ಎಂದ. ವೈದ್ಯೆಗೆ ಅದನ್ನು ತಿಳಿಸಿದಾಗ, ಬುಧವಾರ ಕಿಮೋಗೆ ಬಂದಾಗ ನಾನೇ ನೋಡುತ್ತೇನೆ, ಅಲ್ಲಿಯ ತನಕ ಒಬ್ಬರನ್ನೇ ಬಿಡಬೇಡಿ, ಹೆಚ್ಚಾದರೆ ಯಾವ ಹೊತ್ತಿಗಾದರೂ ಕರೆಯಿರಿ ಎಂದಳು. ಬುಧವಾರಕ್ಕೆ ಅವನು ಹೊರಟರೆ ತಾನೆ.

ಮರುದಿನ ಮಂಡೆಕೋಲಿನಲ್ಲಿ ಚಿಕ್ಕಪ್ಪನ ಮನೆಯ ಪೂಜೆ. ನಾನು ಅಣ್ಣನ ಪಂಚೆ ತೆಗೆದು ಮಂಚದ ಮೇಲೆ ಇಟ್ಟೆ. "ಸೂತಕದವರಿಗೆ ಕೂಡ ಹದಿಮೂರನೇ ದಿನಕ್ಕೆ ಮುಗೀತದೆ ಮಾರಾಯ. ನಿಂದು ಮೂರು ತಿಂಗಳಾಯ್ತು. ಏಳು" ಎಂದೆ. ಅತ್ತಿಗೆ ಗಾಬರಿಯಿಂದ ನನ್ನನ್ನು ನೋಡಿದಳು. ಅಣ್ಣ ಎದ್ದ, ಬಹುಶಃ ನನ್ನ ಬಾಯಿಗೆ ಹೆದರಿ.

ಊಟಕ್ಕೆ ಸುಮಾರು ನಲವತ್ತು ಎಲೆ. ಅಣ್ಣ ನಡುವೆ ಕೂತ. ನಾನು ಬಡಿಸುವವರ ಜೊತೆ ಸೇರಿಕೊಂಡೆ. ಚಿಕ್ಕಪ್ಪ ಕೈಮುಗಿದು "ಎಲ್ಲರೂ ನಿಧಾನಕ್ಕೆ ಊಟ ಮಾಡಿ" ಎನ್ನುತ್ತಾ ಹೋದರು. ಎಲ್ಲ ಮನೆಯಲ್ಲೂ ಹೇಳುವ ಮಾತು, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಪಂಕ್ತಿಯ ತಲೆಯಲ್ಲಿ ನಮ್ಮ ಸೋದರಮಾವ. ಎಂಬತ್ತು ದಾಟಿದ ಕೋಪಿಷ್ಠ, ಮಜ್ಜಿಗೆ ಮುಗಿದ ಮರುಕ್ಷಣ ಏಳುವ ಆಸಾಮಿ. ಅವರು ಎದ್ದರೆ ಪಂಕ್ತಿ ಎದ್ದ ಹಾಗೆ. ಒಬ್ಬನದ್ದು ಬಾಕಿ ಇರುವಾಗ ಏಳುವುದು ತಪ್ಪು, ಹಾಗೆಂದು ಎಲ್ಲರನ್ನೂ ಕಾಯಿಸುವುದೂ ಮರ್ಯಾದೆಯಲ್ಲ.

ಎಲ್ಲರ ಮಜ್ಜಿಗೆ ಅನ್ನ ಮುಗಿದಾಗ ಅಣ್ಣ ಇನ್ನೂ ಸಾರಿನಲ್ಲಿದ್ದ. ತಲೆ ಎತ್ತಿ ಆಚೆ ಈಚೆ ನೋಡಿದ. ಅವನ ಎಡಗೈ ಎಲೆಯ ತುದಿ ಹಿಡಿಯಿತು. ಮಡಚಿದರೆ ಊಟ ಮುಗಿದ ಹಾಗೆ.

"ಎಂತ ಅವಸರ?" ಸೋದರಮಾವ ಗದರಿದರು. "ಇವತ್ತು ಶ್ಲೋಕವೇ ಆಗ್ಲಿಲ್ಲ."

ಹಾಗೆಂದು ತಾವೇ ಶುರು ಮಾಡಿದರು. ಅವರು ಶ್ಲೋಕ ಹೇಳಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ನಡುವೆ ಮರೆತರು, ಕೆಮ್ಮಿದರು, ಹೇಗೋ ಮುಗಿಸಿದರು. ಪಂಕ್ತಿ ದೇವರ ಹೆಸರು ಕೂಗಿತು. ಪಕ್ಕದವರು ಎತ್ತಿಕೊಂಡರು. ಅವರ ಪಕ್ಕದವರು. ಕಬಕದಿಂದ ಬಂದಿದ್ದ ಆಟೋದವರು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಯ ಪ್ರಾರ್ಥನೆ ಹೇಳಿದಳು, ಅದಕ್ಕೂ ಕೂಗಿದರು. ಕೈಯ ಅನ್ನ ಒಣಗುತ್ತಿತ್ತು. ಎರಡನೇ ಪಂಕ್ತಿಯ ಹಸಿದವರು ಬಾಗಿಲಿಗೆ ಬಂದು ಇಣುಕಿದರು, ಅಣ್ಣನನ್ನು ನೋಡಿದರು, ಹಿಂದೆ ಸರಿದರು. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ.

ಅಣ್ಣ ಎಲೆಯ ತುದಿ ಬಿಟ್ಟ. ತುತ್ತು ಮಾಡಿದ, ಅಗಿದ, ಮತ್ತೊಂದು ತುತ್ತು ಮಾಡಿದ. ನಾನು ಖಾಲಿ ಪಾತ್ರೆ ಹಿಡಿದು ನಿಂತಿದ್ದೆ. ಆ ನಕ್ಷೆಯ ಮುಂದೆ ಆದ ಹಾಗೆಯೇ ಮೈ ಜುಮ್ಮೆಂದಿತು. ಪೋಷಣೆಯ ಚುಕ್ಕಿಗೂ ಆರೈಕೆ ಮಾಡುವವರ ಚುಕ್ಕಿಗೂ ನಡುವೆ ಒಂದು ಗೆರೆ ಇತ್ತು, ಕೂದಲಿನಷ್ಟು ತೆಳು. ಆ ಗೆರೆಯ ಮೇಲೆ ನಲವತ್ತು ಜನ ಕೂತಿದ್ದರು.

ಏಳನೆಯದೋ ಎಂಟನೆಯದೋ ಶ್ಲೋಕ ಮುಗಿದು ಎಲ್ಲರೂ ಕೂಗಿದಾಗ ಒಂದು ಸ್ವರ ತಾಳ ತಪ್ಪಿ ಹಿಂದೆ ಉಳಿಯಿತು. ತೆಳುವಾದ ಸ್ವರ. ಅದು ಯಾರದ್ದೆಂದು ಎಲ್ಲರಿಗೂ ಗೊತ್ತಾಯಿತು, ಯಾರೂ ತಿರುಗಿ ನೋಡಲಿಲ್ಲ. ಸೋದರಮಾವ ಪಂಕ್ತಿಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿ, ಅಣ್ಣನ ಎಲೆ ಖಾಲಿಯಾದದ್ದು ನೋಡಿ, ಮೊಣಕಾಲು ಹಿಡಿದುಕೊಂಡು ಎದ್ದರು. ಎಲ್ಲರೂ ಒಟ್ಟಿಗೆ ಎದ್ದರು.

ವಾಪಸು ಬರುವಾಗ ಅಣ್ಣ ಕಾರಿನ ಕಿಟಕಿಗೆ ತಲೆ ಕೊಟ್ಟು ಕೂತಿದ್ದ. ಬೆವರುತ್ತಿದ್ದ, ಸುಸ್ತಾಗಿತ್ತು. ಅಜ್ಜಾವರ ಹತ್ತಿರ ಬಂದಾಗ, "ಆ ನಿನ್ನ ಡಾಕ್ಟ್ರು ಎಂತ ಕೇಳುದು? ತುಂಬ ಮಾತಾಡ್ಬೇಕಾ?" ಎಂದ.

"ನಿನಗೆ ಆದಷ್ಟು ಸಾಕು."

ಇನ್ನೂ ಸ್ವಲ್ಪ ದೂರ ಹೋದೆವು. "ಬುಧವಾರ ನಿನಗೆ ರಜೆ ಸಿಗ್ತದಾ?"

"ಹಾಕಿ ಆಯ್ತು" ಎಂದೆ. ಹಾಕಿರಲಿಲ್ಲ.