ಕಡ್ಡಿ ಕೆಳಗಿಟ್ಟ ಜಾಗ

ಚಿಯಾಯಿ ಊರಿನ ಕಾಲೇಜು ಹುಡುಗಿ ಪೈ-ಜು ಹೊಗಳುವುದರಲ್ಲಿ ಎತ್ತಿದ ಕೈ. ಇಂಗ್ಲಿಷ್ ತರಗತಿಯಲ್ಲಿ ಅವಳಿಗೆ ಜೋಡಿಯಾಗಿ ಸಿಕ್ಕವಳು ಅಮೆರಿಕದ ತರಗತಿಯೊಂದರ ವಿದ್ಯಾರ್ಥಿನಿ ನೋರಾ. ಇವಳ ಪ್ರಬಂಧವನ್ನು ಅವಳು, ಅವಳದ್ದನ್ನು ಇವಳು ಓದಿ ಆನ್‌ಲೈನಿನಲ್ಲೇ ಅಭಿಪ್ರಾಯ ಬರೆಯಬೇಕು. ಪ್ರತಿಸಲವೂ ಪೈ-ಜು ಬರೆದದ್ದು ಒಂದೇ: 'ತುಂಬಾ ಚೆನ್ನಾಗಿದೆ, ನಿನ್ನಿಂದ ಕಲಿತೆ.' ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವಳ ಬರಹಕ್ಕೆ ಹುಳುಕು ಹೇಳಲು ತಾನ್ಯಾರು? ನೋರಾಳೂ ಅಷ್ಟೇ, ಒಂದೆರಡು ಅಲ್ಪವಿರಾಮ ತಿದ್ದಿ, ಕೊನೆಗೊಂದು ನಗುಮುಖ ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದಳು. ಆ ನಗುಮುಖ ಕಂಡರೆ ಪೈ-ಜುಗೆ ಮೈಯೆಲ್ಲ ಉರಿಯುತ್ತಿತ್ತು. ತಿದ್ದುವುದು ಹಾಗಿರಲಿ, ತನ್ನ ಬರಹವನ್ನು ಒಮ್ಮೆ ಮನಸ್ಸಿಟ್ಟು ಓದಲಿ ಎಂಬುದೊಂದೇ ಅವಳ ಆಸೆ.

ಬೆಳಗ್ಗೆ ಮನೆಯ ತಿಂಡಿಯಂಗಡಿಯಲ್ಲಿ ಮೊಟ್ಟೆದೋಸೆ ಸುತ್ತುತ್ತಾ ಅಮ್ಮನ ಮುಂದೆ ಗೋಳು ತೋಡಿಕೊಂಡಳು.

"ಅವಳದ್ದು ನೀನು ಓದಿದ್ಯೇನೇ?" ಅಂದಳು ಅಮ್ಮ, ಗಿರಾಕಿಗಳು ತಿನ್ನಲು ಹಿಡಿಯುವ ಜೋಡಿ ಕಡ್ಡಿಗಳನ್ನು ಒರೆಸುತ್ತಾ.

"ಓದ್ದೆ. ಬರೀ ಬೋರು."

"ಮತ್ತೆ ಚೆನ್ನಾಗಿದೆ ಅಂತ ಬರೆದ್ಯಾ, ಕಳ್ಳಿ! ಹೊಗಳಿ ಹೊಗಳಿ ಅರ್ಧ ತಟ್ಟೆ ಬಿಟ್ಟು ಹೋಗೋ ಗಿರಾಕಿ ನಂಗೆ ಬೇಡ್ವೇ ಬೇಡ. ಎಲ್ಲೀವರೆಗೆ ತಿಂದು ಕಡ್ಡಿ ಕೆಳಗಿಟ್ರು, ಅಷ್ಟು ಹೇಳ್ಲಿ ಸಾಕು."

ನೋರಾಳ ಹೊಸ ಪ್ರಬಂಧ ತನ್ನೂರಿನ ಈಜುಕೊಳ ಮುಚ್ಚಬಾರದೆಂಬ ವಾದ. ಪೈ-ಜು ಧೈರ್ಯ ಮಾಡಿ ಬರೆದಳು: 'ಪುರಸಭೆಯ ಲೆಕ್ಕಾಚಾರ ಶುರುವಾದಾಗ ನಾನು ಕಡ್ಡಿ ಕೆಳಗಿಟ್ಟೆ. ಕಿವಿ ಕೇಳದ ಮಕ್ಕಳಿಗೆ ನಿನ್ನಪ್ಪ ಕೈಸನ್ನೆಯಲ್ಲೇ ಈಜು ಕಲಿಸಿದ್ದು ಬಂದಾಗ ಮತ್ತೆ ಎತ್ತಿಕೊಂಡೆ. ಅದನ್ನೇಕೆ ಕೊನೆಯಲ್ಲಿ ಬಚ್ಚಿಟ್ಟೆ?'

ಕಳಿಸಿದ್ದೇ ತಡ, ಕಾಲೇಜಿನ ಗೆಳತಿಯರಿಗೂ ತೋರಿಸಿದಳು.

"ಅವಳ ಮುಖಕ್ಕೆ ಹೊಡೆದಂಗೆ ಬರೆದ್ಯಲ್ಲೇ, ಇನ್ನು ಮಾತಾಡಿಸ್ತಾಳಾ?" ಎಂದು ಗೆಳತಿಯರು ಹೆದರಿಸಿದರು.

ಮುಂದಿನ ವಾರ ಎರಡೂ ತರಗತಿಗಳು ವಿಡಿಯೋದಲ್ಲಿ ಸೇರಿದಾಗ ನೋರಾ ತಿದ್ದಿ ಬರೆದದ್ದನ್ನು ಓದಿದಳು. ಮೊದಲ ಸಾಲಿನಲ್ಲೇ ಅವಳಪ್ಪ ನೀರಿಗಿಳಿದಿದ್ದ. ಓದಿ ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ.

"ಇದನ್ನ ಹುಡುಕಿಕೊಟ್ಟಿದ್ದು ಪೈ-ಜು," ಅಂದಳು ನೋರಾ. "ಈಗ ನಿನ್ನ ಸರದಿ ಕಣೇ, ಬಿಡಲ್ಲ."

ಮರುದಿನ ಬೆಳಗ್ಗೆ ಅಭಿಪ್ರಾಯ ಬಂತು. ನಗುಮುಖ ಇರಲಿಲ್ಲ. 'ಮೂರನೇ ಪ್ಯಾರಾದಲ್ಲಿ ನಾನು ಫೋರ್ಕ್ ಕೆಳಗಿಟ್ಟೆ. ಅಜ್ಜನ ಜೊತೆ ಜಗಳ ಆಯಿತು ಅನ್ನುತ್ತೀಯ, ಯಾಕೆಂದು ಹೇಳುವುದೇ ಇಲ್ಲ. ಹೆದರಿಕೆಯಾ?'

ಪೈ-ಜು ಕಿರುಚಿ ಹಾರಿದ ರಭಸಕ್ಕೆ ಸೋಯಾ ಹಾಲಿನ ಲೋಟ ಉರುಳಿತು.

"ಅಮ್ಮಾ! ಮೂರನೇ ಪ್ಯಾರಾ ಅವಳಿಗೆ ಇಳೀಲಿಲ್ವಂತೆ!"

ಅಮ್ಮ ಸೌಟು ಎತ್ತಿ, ಸಾಲಿನಲ್ಲಿ ನಿಂತ ಗಿರಾಕಿಗಳಿಗೆಲ್ಲ ಕೇಳುವಂತೆ ಕೂಗಿದಳು: "ಅಂದ್ರೆ ಮೊದಲೆರಡು ತಿಂದಿದಾಳಲ್ಲೇ!"